ಕಾಫಿ ಹೂವನ್ನು ಸರಿಯಾಗಿ ಬಿಡಿಸಿದ ಟೀ ಶರ್ಟ್

ಮಡಿಕೇರಿಯಲ್ಲಿ ಒಬ್ಬರೇ ಕೂತು, ಕೈಯಲ್ಲೇ ಚಿತ್ರ ಬಿಡಿಸಿ, ತಾವೇ ಪ್ರಿಂಟ್ ಮಾಡಿ ಮಾರುವ ಕಲಾವಿದೆಯೊಬ್ಬರಿಂದ ಜುಲೈನಲ್ಲಿ ಎರಡು ಟೀ ಶರ್ಟ್ ತಗೊಂಡೆ. ಒಂದು ನನಗೆ, ಒಂದು ತಮ್ಮನಿಗೆ. ಆರು ತಿಂಗಳು ಹಾಕಿ ಒಗೆದು ನೋಡಿ ಈಗ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಹಾಗಾಗಿ ನನ್ನ ಕಣ್ಣು ಮೊದಲು ಹೋಗಿದ್ದೇ ಎಲೆಗೆ. ಕಾಫಿ ಗಿಡದಲ್ಲಿ ಎಲೆ ಎದುರುಬದುರಾಗಿ ಜೋಡಿ ಬರುತ್ತದೆ, ಹೂವು ಆ ಜೋಡಿಯ ಬುಡದಲ್ಲಿ ಗೊಂಚಲಾಗಿ ಕೂರುತ್ತದೆ. ಪ್ರವಾಸಿಗರಿಗೆ ಮಾರುವ ಎಷ್ಟೋ ಟೀ ಶರ್ಟುಗಳಲ್ಲಿ ಕೊಂಬೆಯ ತುದಿಗೆ ಗುಲಾಬಿ ಥರ ಒಂದೇ ಹೂವು ಇರುತ್ತದೆ, ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಈ ಕಲಾವಿದೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಮೂರು ನಾಲ್ಕು ದಿನಕ್ಕೆ ಮುಗಿದೂ ಹೋಗುತ್ತದೆ, ಆ ಹೊತ್ತಲ್ಲಿ ಗಿಡದ ಮುಂದೆ ಕೂತೇ ಬಿಡಿಸಿದ್ದಂತೆ. ನಂಬುತ್ತೇನೆ. ಒಂದು ಎಲೆಯ ಅಂಚಲ್ಲಿ ಹುಳ ತಿಂದ ತೂತು ಕೂಡ ಇದೆ.

ಗೆರೆ ಹತ್ತಿರದಿಂದ ನೋಡಿ. ದಂಟಿನ ಹತ್ತಿರ ದಪ್ಪಗೆ ಶುರುವಾಗಿ ಎಲೆಯ ತುದಿಗೆ ಬರುವಷ್ಟರಲ್ಲಿ ಕೂದಲಷ್ಟು ತೆಳುವಾಗುತ್ತದೆ, ನಡುವೆ ಒಂದು ಕಡೆ ಕೈ ಸ್ವಲ್ಪ ನಡುಗಿದ್ದೂ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ತಿದ್ದಿ ನುಣುಪು ಮಾಡಿಲ್ಲ. ನನಗೆ ಇಷ್ಟವಾಗಿದ್ದೇ ಅದು.

ಕೆಲಸ ನಡೆಯುವುದನ್ನೂ ತೋರಿಸಿದರು. ಚಿತ್ರವನ್ನು ಪಾರದರ್ಶಕ ಹಾಳೆಗೆ ಇಳಿಸಿ, ದ್ರಾವಣ ಹಚ್ಚಿ ಒಣಗಿಸಿದ ಸ್ಕ್ರೀನ್, ಅಂದರೆ ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆಯ ಮೇಲಿಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ಕಪ್ಪು ಗೆರೆ ಅಡ್ಡ ಬಂದ ಜಾಗ ಮೆತ್ತಗೇ ಉಳಿದು ನೀರಲ್ಲಿ ತೊಳೆದು ಹೋಗುತ್ತದೆ. ಆ ಸಂದಿನಲ್ಲೇ ಬಣ್ಣ ಬಟ್ಟೆಗೆ ಇಳಿಯುವುದು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಅದಕ್ಕೇ ಇವರ ಚಿತ್ರಗಳಲ್ಲಿ ಎರಡೇ ಬಣ್ಣ. ನೀರಿನ ಬಣ್ಣವಾದ್ದರಿಂದ ನೂಲಿನೊಳಗೆ ಇಳಿಯುತ್ತದೆ, ಎದೆ ಮೇಲೆ ರಬ್ಬರ್ ಅಂಟಿಸಿದ ಹಾಗೆ ಅನ್ನಿಸಲ್ಲ. ಇಷ್ಟು ಸಲ ಒಗೆದರೂ ಬಿರುಕು ಬಿಟ್ಟಿಲ್ಲ. ಬಣ್ಣ ಒಂಚೂರು ಮಾಸಿದೆ, ಅಷ್ಟೇ.

ತೊಂದರೆಗಳೂ ಇವೆ. ಕಪ್ಪು ಬಟ್ಟೆ ಮೇಲೆ ಈ ಬಣ್ಣ ಎದ್ದು ಕಾಣಲ್ಲ, ಹಾಗಾಗಿ ಬಿಳಿ ಮತ್ತು ತಿಳಿ ಬಣ್ಣ ಮಾತ್ರ ಸಿಗುತ್ತದೆ. ನಮ್ಮ ಕೆಂಪು ಮಣ್ಣಲ್ಲಿ ಬಿಳಿ ಬಟ್ಟೆ ಕಾಪಾಡುವುದು ಸುಲಭ ಅಲ್ವಲ್ಲ! ಮೊದಲ ಒಗೆತಕ್ಕೆ ಉದ್ದ ಅರ್ಧ ಇಂಚು ಕುಗ್ಗಿತು, ತಮ್ಮನಿಗೆ ಈಗ ಸ್ವಲ್ಪ ಗಿಡ್ಡ. ಒಂದು ಸೈಜ್ ದೊಡ್ಡದೇ ತಗೊಳ್ಳಿ. ಇದನ್ನು ಅವರೇ ಮೊದಲೇ ಹೇಳಬೇಕಿತ್ತು.

ಮಳೆಗಾಲದಲ್ಲಿ ಬೇಗ ಸಿಗುತ್ತದೆ ಅಂದುಕೊಳ್ಳಬೇಡಿ. ವಾರದಲ್ಲಿ ಕೊಡುತ್ತೇನೆ ಅಂದವರು ಮೂರು ವಾರ ತಗೊಂಡರು. ಆ ಥಂಡಿಗೆ ಸ್ಕ್ರೀನೂ ಒಣಗಲ್ಲ, ಬಟ್ಟೆಯೂ ಒಣಗಲ್ಲ. "ಅಕ್ಕ, ಹಸಿ ಇರುವಾಗ ಇಸ್ತ್ರಿ ಬಿಸಿ ಕೊಟ್ಟರೆ ಬಣ್ಣ ನಿಲ್ಲಲ್ಲ, ಇನ್ನೆರಡು ದಿನ ಬಿಡಿ" ಅಂತ ಫೋನ್ ಮಾಡಿದ್ದರು. ಅವಸರ ಮಾಡಿ ಕೊಡದೇ ಇದ್ದಿದ್ದು ಒಳ್ಳೆಯದೇ ಆಯಿತು.

ಒಂದಕ್ಕೆ 850 ರೂಪಾಯಿ. ಜಾಸ್ತಿ ಅನ್ನಿಸಬಹುದು, ಆದರೆ ಒಂದು ಚಿತ್ರಕ್ಕೆ ನಲವತ್ತು ಟೀ ಶರ್ಟ್ ಮಾಡಿ ನಿಲ್ಲಿಸುತ್ತಾರೆ. ಈಗ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಬಿಡಿಸುತ್ತಿದ್ದಾರೆ. ಬಳ್ಳಿಯ ಗಂಟಿನ ಬೇರು ಮರವನ್ನು ಹಿಡಿದಿರುವುದು ಸರಿ ಬರುತ್ತಿಲ್ಲ ಅಂತ ಮೂರನೇ ಸಲ ಹಾಳೆ ಬದಲಿಸಿದ್ದಾರಂತೆ. ನಮ್ಮ ತೋಟಕ್ಕೇ ಬಂದು ನೋಡಿ ಅಂದಿದ್ದೇನೆ, ಬರುವ ಭಾನುವಾರ ಬರುತ್ತಾರೆ.