ಮೂರು ಬಿಡಿ ಪೆಡಲ್, ಒಂದು ಹಳೇ ಮಲ್ಟಿ, ನಡುವೆ ಒಂದು ಅಡಾಪ್ಟರ್

ಗಿಟಾರಿನ ದನಿ ಬದಲಿಸಲು ಒಂದೊಂದು ಎಫೆಕ್ಟಿನ ಬಿಡಿ ಪೆಡಲ್ ತಗೊಳ್ಳಬೇಕೋ, ಹಲವು ಎಫೆಕ್ಟ್ ಒಂದೇ ಡಬ್ಬಿಯಲ್ಲಿರುವ ಮಲ್ಟಿ ತಗೊಳ್ಳಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಲ್ಟಿಗೆ, ಅಂದರೆ ನನ್ನ ಝೂಮ್ ಜಿ1 ಫೋರ್‌ಗೆ. ಸೆಕೆಂಡ್ ಹ್ಯಾಂಡ್, 5,000 ರೂಪಾಯಿ. ಅದಕ್ಕೂ ಮುಂಚೆ ಮೂರು ಬಿಡಿ ಪೆಡಲ್ ತಗೊಂಡು, ಅದರಲ್ಲಿ ಒಂದನ್ನು ಸುಟ್ಟು, ಉಳಿದ ಎರಡನ್ನು ದಿನಾ ಬೈದುಕೊಂಡು, ಆಮೇಲೆ ಬುದ್ಧಿ ಬಂತು. ಆ ಕತೆಯೇ ಇದು.

ನನ್ನ ಪರಿಸ್ಥಿತಿ ಸ್ವಲ್ಪ ಕೇಳಿ, ಯಾಕೆಂದರೆ ನನ್ನ ತೀರ್ಪು ಅದರ ಮೇಲೇ ನಿಂತಿದೆ. ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಓನರ್. ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮನೆ ಸೇರುವಾಗ ರಾತ್ರಿ ಒಂಬತ್ತು. ಊಟ ಮುಗಿಸಿ ಗಿಟಾರ್ ಹಿಡಿಯುವ ಹೊತ್ತಿಗೆ ಕೆಳಗಿನ ಮನೆಯಲ್ಲಿ ಲೈಟ್ ಆರಿರುತ್ತದೆ. ಹತ್ತು ವ್ಯಾಟಿನ ಒಂದು ಸಣ್ಣ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಡಬ್ಬಿ, ಇದೆ. ಕಲಿಯಲು ಶುರು ಮಾಡಿ ಎರಡು ವರ್ಷ. ಸ್ಟೇಜ್ ಹತ್ತುವ ಆಸೆ ಇದೆ, ಹತ್ತಿಲ್ಲ.

ಬಿಡಿ ಪೆಡಲ್‌ನ ಹುಚ್ಚು ಹತ್ತಿಸಿದ್ದು ವಿನೋಬನಗರದ ಗೆಳೆಯ. ಗಣೇಶನ ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ಬಾರಿಸುತ್ತಾನೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದಾಗ ತನ್ನ ಬಾಸ್ ಕಂಪನಿಯ ಡಿಎಸ್-1 ಅನ್ನು ಒಂದು ತಿಂಗಳು ನನ್ನ ಹತ್ತಿರ ಬಿಟ್ಟಿದ್ದ. ಗಿಟಾರಿನ ದನಿಯನ್ನು ಒರಟು ಮಾಡುವ, ಕಿತ್ತಳೆ ಬಣ್ಣದ ಆ ಡಿಸ್ಟಾರ್ಷನ್ ಪೆಡಲ್ 1978ರಲ್ಲಿ ಬಂದದ್ದು, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ನಿರ್ವಾಣ ಅನ್ನುವ ರಾಕ್ ಬ್ಯಾಂಡಿನ ಕರ್ಟ್ ಕೋಬೇನ್ ಕೂಡ ಇದನ್ನು ಬಳಸಿದ್ದ. ಮೂರೇ ಗುಂಡಿ: ಟೋನ್, ಲೆವೆಲ್, ಡಿಸ್ಟ್. ಕಾಲಲ್ಲಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಒತ್ತುವ ಸುಖ ಇದೆಯಲ್ಲ, ಅದಕ್ಕೇ ಜನ ಪೆಡಲ್ ಮೇಲೆ ಪೆಡಲ್ ತಗೊಳ್ಳುವುದು ಅಂತ ನನ್ನ ಗುಮಾನಿ.

ಒಂದೇ ಎಡವಟ್ಟಾಯಿತು, ಅದೂ ನನ್ನದೇ. ಬಾರಿಸಿದ ಮೇಲೆ ವೈರನ್ನು ಪೆಡಲಿನ ಇನ್‌ಪುಟ್‌ನಿಂದ ತೆಗೆಯದೆ ಮಲಗಿಬಿಡುತ್ತಿದ್ದೆ. ಬ್ಯಾಟರಿ ಹಾಕುವ ಪೆಡಲ್‌ಗಳಲ್ಲಿ ಬೇರೆ ಸ್ವಿಚ್ ಇರುವುದಿಲ್ಲ, ಇನ್‌ಪುಟ್‌ಗೆ ಜ್ಯಾಕ್ ಚುಚ್ಚಿದರೆ ಸಾಕು, ಆನ್ ಆದಂತೆ. ಹೀಗೆ ಎರಡು 9 ವೋಲ್ಟ್ ಬ್ಯಾಟರಿ ಮುಗಿಸಿದೆ. ಗೆಳೆಯ ಏನೂ ಅನ್ನಲಿಲ್ಲ, ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಅವನು ಪೆಡಲ್ ವಾಪಸ್ ತಗೊಂಡು ಹೋದಮೇಲೆ ಮನೆ ಬಿಕೋ ಅಂತು. ಅದೇ ಬೇಜಾರಿನಲ್ಲಿ ಆನ್‌ಲೈನಿನಲ್ಲಿ ಮೂರು ಅಗ್ಗದ ಪೆಡಲ್ ತರಿಸಿದೆ. ಡಿಸ್ಟಾರ್ಷನ್ 1,900, ಕೋರಸ್ 1,600, ದನಿಯನ್ನು ಪ್ರತಿಧ್ವನಿಯ ಹಾಗೆ ಮರಳಿಸುವ ಡಿಲೇ 2,100. ಒಟ್ಟು 5,600. ಕಂಪನಿ ಹೆಸರು ಬೇಡ ಬಿಡಿ. ದನಿ ಕೆಟ್ಟದಾಗಿರಲಿಲ್ಲ. ಕೋರಸ್ ಅಂತೂ ಚೆನ್ನಾಗಿಯೇ ಇತ್ತು, ಒಂದೇ ಗಿಟಾರನ್ನು ಇಬ್ಬರು ಬಾರಿಸಿದ ಹಾಗೆ ತೆಳ್ಳಗೆ ಅಲೆಯುತ್ತಿತ್ತು. ಮೂರೂ ಲೋಹದ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು, ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನೋಡುವುದಕ್ಕೇ ಒಂದು ಖುಷಿ.

ಇನ್ನು ಅಡಾಪ್ಟರ್ ಕತೆ.

ಪೆಡಲ್ ಜೊತೆ ಅಡಾಪ್ಟರ್ ಬರಲಿಲ್ಲ. ಮಿನಿ ಪೆಡಲ್ ಆದ್ದರಿಂದ ಒಳಗೆ ಬ್ಯಾಟರಿ ಹಾಕಲು ಜಾಗವೂ ಇಲ್ಲ. ಮನೆಯಲ್ಲಿ ಹಳೇ ವೈಫೈ ರೂಟರಿನ ಅಡಾಪ್ಟರ್ ಬಿದ್ದಿತ್ತು. 9 ವೋಲ್ಟ್ ಅಂತ ಬರೆದಿತ್ತು. ಪಿನ್ನೂ ಸರಿಯಾಗಿ ಕೂತಿತು. ಇನ್ನೇನು ಬೇಕು ಅಂತ ಡಿಸ್ಟಾರ್ಷನ್‌ಗೆ ಚುಚ್ಚಿದೆ. ದೀಪ ಹತ್ತಲಿಲ್ಲ. ಮೂಗಿಗೆ ಮಾತ್ರ ಒಂದು ವಾಸನೆ ಬಂತು, ಪ್ಲಾಸ್ಟಿಕ್ಕೂ ಅಲ್ಲ, ಸುಟ್ಟ ಕಾಗದವೂ ಅಲ್ಲ, ಮಿಕ್ಸರ್ ಕಾಯ್ದಾಗ ಬರುತ್ತದಲ್ಲ ಆ ತರ. ಹತ್ತು ನಿಮಿಷವೂ ಬಾಳಲಿಲ್ಲ 1,900 ರೂಪಾಯಿ.

ಅಶೋಕ ರಸ್ತೆ ಕಡೆ ಟಿವಿ, ಮಿಕ್ಸರ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಪೆಡಲ್ ಅಂದದ್ದೇ, "ಏನಪಾ ಇದು, ಹೊಲಿಗೆ ಮಷೀನಿಂದಾ?" ಅಂದರು. ತಿರುಪು ಬಿಚ್ಚಿ ನೋಡಿದ ಮೇಲೆ ಮಾತ್ರ ಗೊತ್ತಾಗಲು ಅವರಿಗೆ ಅರ್ಧ ನಿಮಿಷ ಹಿಡಿಯಲಿಲ್ಲ. ಕರೆಂಟ್ ಒಳಬರುವ ಜಾಗದಲ್ಲೇ ಕಡ್ಡಿಯಂಥ ಒಂದು ಡಯೋಡ್, ಹೊಟ್ಟೆ ಸೀಳಿ ಕಪ್ಪಾಗಿತ್ತು. ಉಲ್ಟಾ ಕರೆಂಟ್ ಬಂದರೆ ಒಳಗಿನ ಸರ್ಕ್ಯೂಟಿಗೆ ಹೋಗದಂತೆ ತಾನೇ ಅಡ್ಡ ನಿಂತು ಏಟು ತಿನ್ನುವುದು ಅದರ ಕೆಲಸ. ತಿಂದಿತ್ತು. 1ಎನ್4007 ಅನ್ನುವ ಡಯೋಡ್ ಹಾಕಿದರು, 50 ರೂಪಾಯಿ ತಗೊಂಡರು, ಪೆಡಲ್ ಬದುಕಿತು.

ಅವರು ಹೇಳಿಕೊಟ್ಟದ್ದು ಇಷ್ಟು. ಅಡಾಪ್ಟರ್ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ, ನಡುವೆ ಒಂದು ಚುಕ್ಕೆ, ಸುತ್ತ ಅರ್ಧ ಬಳೆ, ಆಚೆ ಈಚೆ ಪ್ಲಸ್ ಮೈನಸ್. ಚುಕ್ಕೆಗೆ ಸೇರಿದ ಗೆರೆ ಯಾವ ಗುರುತಿಗೆ ಹೋಗುತ್ತದೋ ಪಿನ್ನಿನ ನಡುಭಾಗ ಅದು. ರೂಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ನಡುವೆ ಮೈನಸ್. ವೋಲ್ಟ್ ಒಂದೇ, ಪಿನ್ ಒಂದೇ, ಒಳಗೆ ಉಲ್ಟಾ. ಪೆಡಲ್ ಡಬ್ಬಿಯ ಮೇಲೂ ಅದೇ ಚಿತ್ರ ಇತ್ತು. ನಾನು ಅದನ್ನು ಡಿಸೈನ್ ಅಂದುಕೊಂಡಿದ್ದೆ.

ಸರಿ, ನಡುವೆ ಮೈನಸ್ ಇರುವ ಅಡಾಪ್ಟರ್ ಹುಡುಕಿ ತಂದೆ. 250 ರೂಪಾಯಿ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ತೂಕದ ಹಳೇ ತರದ್ದು. ಒಂದರಿಂದ ಮೂರಕ್ಕೆ ಹಂಚುವ ವೈರಿಗೆ 300. ಈ ಸಲ ದೀಪ ಹತ್ತಿತು. ಜೊತೆಗೆ ಗುಯ್ ಅನ್ನುವ ಸದ್ದೂ ಹತ್ತಿತು. ನಮ್ಮ ಕರೆಂಟ್ 50 ಹರ್ಟ್ಸ್, ಅದನ್ನು ಡಿಸಿ ಮಾಡುವಾಗ ಸರಿಯಾಗಿ ಸೋಸದಿದ್ದರೆ 100 ಹರ್ಟ್ಸ್‌ನ ಗುಯ್ ಉಳಿಯುತ್ತದೆ. ಡಿಸ್ಟಾರ್ಷನ್ ಪೆಡಲ್ ಸಿಕ್ಕಿದ್ದನ್ನೆಲ್ಲ ದೊಡ್ಡದು ಮಾಡುವಂಥದ್ದು, ಇದನ್ನೂ ಮಾಡಿತು. ಯಾರೋ ಶ್ರುತಿಪೆಟ್ಟಿಗೆ ಹಿಡಿದು ಪಕ್ಕದಲ್ಲೇ ಕೂತ ಹಾಗೆ.

ಅದಾದರೂ ಶ್ರುತಿಯಲ್ಲಿದೆಯಾ? ಇಲ್ಲ. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಸ್ವರ, 98 ಹರ್ಟ್ಸ್. ಅಡಾಪ್ಟರಿನ ಗುಯ್ 100. ಎರಡಕ್ಕೂ ನಡುವೆ ಎರಡೇ ಎರಡು. ಹಾಗಾಗಿ ಆ ಸ್ವರ ಇರುವ ಜಿ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಹಿಡಿದಾಗಲೆಲ್ಲ ಸೆಕೆಂಡಿಗೆ ಎರಡು ಸಲ ವ್ವಾ ವ್ವಾ ಅಂತ ತೂಗುತ್ತಿತ್ತು. ನಾನು ಮೊದಲು ತಂತಿ ಶ್ರುತಿ ತಪ್ಪಿದೆ ಅಂದುಕೊಂಡು ಕಿವಿ ಹಿಂಡಿ ಹಿಂಡಿ ಸಾಕಾಗಿ ಹೊಸ ತಂತಿಯೂ ಹಾಕಿದೆ. ಕಲಿಯುವವರ ಅರ್ಧ ಹಾಡುಗಳಲ್ಲಿ ಜಿ ಇರುತ್ತದೆ, ಅಲ್ವಾ? ಒಂದು ವಾರ ಜಿ ಇಲ್ಲದ ಹಾಡು ಹುಡುಕಿದೆ ಅಂದರೆ ನಗಬೇಡಿ.

ಮೂರನೇ ಅಡಾಪ್ಟರ್ 750 ರೂಪಾಯಿ, ಪೆಡಲ್‌ಗೆ ಅಂತಲೇ ಮಾಡಿದ್ದು. ಗುಯ್ ಹೋಯಿತು. ಡಿಲೇ ಸೇರಿಸಿದ ಕೂಡಲೇ ಸೊಳ್ಳೆ ಬಂತು, ಕಿವಿಯ ಹತ್ತಿರ ಹಾರುವ ಆ ಸಣ್ಣ ಕೀಂ. ಡಿಲೇ ಒಳಗಿರುವುದು ಡಿಜಿಟಲ್ ಚಿಪ್. ಅದರ ಗಲಾಟೆ ಹಂಚಿದ ವೈರಿನ ಗ್ರೌಂಡ್ ಹಿಡಿದು ಡಿಸ್ಟಾರ್ಷನ್‌ಗೆ ಬರುತ್ತದೆ. ಡಿಲೇ ಕಿತ್ತರೆ ಸೊಳ್ಳೆ ಮಾಯ. ಇದಕ್ಕೆ ಮದ್ದು ಪ್ರತಿ ಪೆಡಲಿಗೂ ಬೇರೆ ಬೇರೆ ಲೈನ್ ಕೊಡುವ ಪವರ್ ಸಪ್ಲೈ. ಅದರ ರೇಟ್ ನೋಡಿ ಸುಮ್ನೆ ಮುಚ್ಚಿಟ್ಟೆ, ನನ್ನ ಯಾವ ಪೆಡಲಿಗಿಂತಲೂ ಜಾಸ್ತಿ. ಅಷ್ಟರಲ್ಲಿ ಪೆಡಲಿಂದ ಪೆಡಲಿಗೆ ಜೋಡಿಸುವ 200 ರೂಪಾಯಿಯ ಪ್ಯಾಚ್ ಕೇಬಲ್‌ಗಳು ಮುಟ್ಟಿದರೆ ಚಟಚಟ ಅನ್ನತೊಡಗಿ, ಇನ್ನೊಂದು ಜೊತೆಗೆ 500 ಕೊಟ್ಟಿದ್ದೆ. ಲೆಕ್ಕ ಬರೆಯುವವನು, ಕೂಡಿಸದೆ ಇರಲು ಆಗಲಿಲ್ಲ. ರಿಪೇರಿ ಸೇರಿ 7,650. ಅದರಲ್ಲಿ ಪೆಡಲ್‌ಗೆ ಹೋದದ್ದು 5,600. ಉಳಿದ 2,050 ಬರೀ ಕರೆಂಟಿಗೆ, ವೈರಿಗೆ. ತಂತಿಯ ದುಡ್ಡು ಇದರಲ್ಲಿ ಸೇರಿಲ್ಲ, ಅದನ್ನು ಬರೆಯಲು ನಾಚಿಕೆ.

ಇಷ್ಟೆಲ್ಲ ಆದರೂ ಹೆಡ್‌ಫೋನ್ ಕತೆ ಬೇರೆಯೇ ಇತ್ತು. ಬಿಡಿ ಡಿಸ್ಟಾರ್ಷನ್ ದನಿಯನ್ನು ನೇರ ಹೆಡ್‌ಫೋನಿನಲ್ಲಿ ಕೇಳಿದರೆ ಕಡಲೆಬೇಳೆ ರುಬ್ಬಿದಂತೆ ಇರುತ್ತದೆ. ಗಿಟಾರ್ ಆಂಪಿನ ಸ್ಪೀಕರ್ ಮೇಲಿನ ಚೂಪು ಸದ್ದನ್ನು ಕತ್ತರಿಸಿ ದನಿಯನ್ನು ದುಂಡಗೆ ಮಾಡುತ್ತದೆ, ಹೆಡ್‌ಫೋನ್ ಆ ಕೆಲಸ ಮಾಡುವುದಿಲ್ಲ. ಆಂಪ್ ಹಾಕೋಣ ಅಂದರೆ ರಾತ್ರಿ ಹತ್ತು ಗಂಟೆ. ಕೆಳಗೆ ಓನರ್.

ಇಲ್ಲಿನ ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ ಜಿ1 ಫೋರ್ ಮಾರುತ್ತಿದ್ದ. ಕೋರಸ್ಸನ್ನು ಗೆಳೆಯನಿಗೆ ಕೊಟ್ಟು, ಸ್ವಲ್ಪ ಸಂಬಳ ಸೇರಿಸಿ ತಗೊಂಡೆ. ಮೊದಲ ರಾತ್ರಿ ಹೆಡ್‌ಫೋನ್ ಹಾಕಿ ಜಿ ಕಾರ್ಡ್ ಹಿಡಿದೆ. ಏನೂ ತೂಗಲಿಲ್ಲ. ಕಾರ್ಡ್ ತಾನಾಗಿ ಆರುವ ತನಕ ಬಿಟ್ಟೆ, ಆಮೇಲೆ ಪೂರ್ತಿ ಮೌನ. ಅಷ್ಟಕ್ಕೇ 5,000 ವಸೂಲ್.

ಇದಕ್ಕೂ ಅಡಾಪ್ಟರ್ 9 ವೋಲ್ಟ್, ನಡುವೆ ಮೈನಸ್, ಆದರೆ 500 ಮಿಲಿಆಂಪ್ ಕೊಡಬೇಕು. ನಾನು ಅಡಾಪ್ಟರ್ ಹಚ್ಚುವುದೇ ಕಡಿಮೆ. ನಾಲ್ಕು ಪೆನ್ಸಿಲ್ ಸೆಲ್ ಸಾಕು, ಚಾರ್ಜ್ ಮಾಡುವಂಥವು ಹಾಕಿದ್ದೇನೆ. ಗೋಡೆಗೆ ಸಂಬಂಧವೇ ಇಲ್ಲ, ಗುಯ್ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಕರೆಂಟ್ ಹೋದರೆ ಈಗ ನನಗೆ ಸಂತೋಷ, ಟಿವಿ ಸದ್ದೂ ಇರುವುದಿಲ್ಲ. ಆಂಪ್ ಮತ್ತು ಸ್ಪೀಕರ್ ಡಬ್ಬಿಯ ದನಿ ಒಳಗೇ ಇರುವುದರಿಂದ ಹೆಡ್‌ಫೋನಿನಲ್ಲಿ ಕಡಲೆಬೇಳೆ ರುಬ್ಬುವುದಿಲ್ಲ. ಟ್ಯೂನರ್ ಇದೆ. ತಾಳಕ್ಕೆ 68 ಬಗೆಯ ರಿದಮ್ ಇದೆ, ನಾನು ಬಳಸುವುದು ಮೂರು. ಬಾರಿಸಿದ್ದನ್ನೇ ಮತ್ತೆ ಮತ್ತೆ ಸುತ್ತಿಸುವ ಲೂಪರ್ 30 ಸೆಕೆಂಡ್ ಅಷ್ಟೇ. ನಾಲ್ಕು ಕಾರ್ಡ್ ಸುತ್ತಿಸಿ ಮೇಲೆ ತಪ್ಪುತಪ್ಪಾಗಿ ಲೀಡ್ ಬಾರಿಸಲು ಅಷ್ಟು ಧಾರಾಳ. ಒಟ್ಟಿಗೆ ಐದು ಎಫೆಕ್ಟ್ ಹಾಕಬಹುದು, ನಾನು ಎರಡು ದಾಟಿಲ್ಲ.

ಕೊರತೆ ಇಲ್ಲ ಅಂತಲ್ಲ. ಕಾಲಲ್ಲಿ ಒತ್ತಲು ಎರಡೇ ಸ್ವಿಚ್, ಡಿಎಸ್-1ನ ಆ ಟಕ್ ಇದರಲ್ಲಿ ಇಲ್ಲ. ಮೊದಲ ಎರಡು ವಾರ ಬರೀ ಗುಂಡಿ ತಿರುಗಿಸಿದೆ, ಒಂದು ಸ್ಕೇಲೂ ಬಾರಿಸಲಿಲ್ಲ. ಈಗ ಮೂರು ದನಿ ಸೇವ್ ಮಾಡಿಟ್ಟು ಉಳಿದ ಕಡೆ ಹೋಗುವುದೇ ಇಲ್ಲ.

ಎಫೆಕ್ಟಿಗೆ ಫೋನ್ ಆ್ಯಪ್ ಸಾಲದೇ ಅಂತ ಕೇಳುವವರಿಗೆ: ನನ್ನ ಆಂಡ್ರಾಯ್ಡ್ ಫೋನಿನಲ್ಲಿ ತಂತಿ ಮೀಟಿದ ಮೇಲೆ ದನಿ ಆರಾಮಾಗಿ, ತಡವಾಗಿ ಬರುತ್ತಿತ್ತು. ಎರಡು ದಿನಕ್ಕೆ ಬಿಟ್ಟೆ.

ಸಾಮಾನು ಸರಂಜಾಮಿನಲ್ಲಿ ಹೆಡ್‌ಫೋನಿಗೆ 3.5ರಿಂದ 6.3 ಎಂಎಂ ಕನ್ವರ್ಟರ್ ಬೇಕಾಗುತ್ತದೆ, ಸ್ಟೀರಿಯೋದ್ದೇ ಕೇಳಿ, ಕಪ್ಪು ಉಂಗುರ ಎರಡು ಇರಬೇಕು. ನಾನು ಮೊದಲು ಒಂದು ಉಂಗುರದ್ದು ತಂದು, ಒಂದೇ ಕಿವಿಯಲ್ಲಿ ಕೇಳಿಕೊಂಡು ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡಿದ್ದೆ. ಕ್ಲಿಪ್ ಟ್ಯೂನರ್ ಬೇಡ. ಪೆಡಲ್‌ಬೋರ್ಡ್ ಬೇಡ, ಹಳೇ ಪ್ಲೈವುಡ್ ತುಂಡು ಸಾಕು.

ಬ್ಯಾಂಡಿನಲ್ಲಿ ಬಾರಿಸುವವರು, ಗಟ್ಟಿಯಾಗಿ ಆಂಪ್ ಹಾಕಲು ಜಾಗ ಇರುವವರು, ನನಗೆ ಇಂಥದೇ ದನಿ ಬೇಕು ಅಂತ ಗೊತ್ತಿರುವವರು ಬಿಡಿ ಪೆಡಲ್ಲೇ ತಗೊಳ್ಳಲಿ. ಆದರೆ ಒಂದೇ ತಗೊಳ್ಳಲಿ, ಬ್ಯಾಟರಿ ಹಾಕುವಂಥದ್ದು. ಗೆಳೆಯ ಹತ್ತು ವರ್ಷದಿಂದ ಆ ಕಿತ್ತಳೆ ಡಬ್ಬಿಯ ಮೇಲೇ ಹಬ್ಬ ಮಾಡುತ್ತಿದ್ದಾನೆ. ನನ್ನ ಹಾಗೆ ಬಾಡಿಗೆ ಮನೆ, ರಾತ್ರಿ ಹೊತ್ತು, ಐದಾರು ಸಾವಿರದ ಜೇಬು ಅಂದರೆ ಹಳೇ ಮಲ್ಟಿ ಹುಡುಕಿ. ತಗೊಳ್ಳುವ ಮುಂಚೆ ಪ್ರತಿ ಗುಂಡಿ ತಿರುಗಿಸಿ, ಜ್ಯಾಕ್ ಚುಚ್ಚಿ ಅಲ್ಲಾಡಿಸಿ ನೋಡಿ, ಚಟಚಟ ಅಂದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ಸುಟ್ಟು ಬದುಕಿದ ಡಿಸ್ಟಾರ್ಷನ್ ಇನ್ನೂ ಇದೆ, ಭಾನುವಾರ ಮಧ್ಯಾಹ್ನ ಆಂಪ್ ಹಾಕಿದಾಗ ಒಂದನ್ನೇ ಹಚ್ಚುತ್ತೇನೆ. ಡಿಲೇ ಮಾರಬೇಕು. ಮನೆಯಲ್ಲಿರುವ ಅಡಾಪ್ಟರ್‌ಗಳನ್ನೆಲ್ಲ ಒಂದು ದಿನ ಗುಡ್ಡೆ ಹಾಕಿಕೊಂಡು ಕೂತು, ನಡುವೆ ಪ್ಲಸ್ ಇರುವ ಪ್ರತಿಯೊಂದಕ್ಕೂ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಳಿದೆ. ಆ ಬಾಟಲಿ ಮುಗಿದಿದೆ, ಅದರ 120 ರೂಪಾಯಿಯನ್ನೂ ಪೆಡಲ್ ಲೆಕ್ಕಕ್ಕೇ ಸೇರಿಸಬೇಕಂತೆ.