ಶ್ರೀನಗರದ ಮನೆಗೆ ಗ್ಯಾಸ್ ಹೀಟರ್: ತೆರೆದ ಉರಿಯದೋ, ಹೊಗೆಕೊಳವೆಯದೋ?

ಧಾರವಾಡದಿಂದ ವರ್ಗವಾಗಿ ಶ್ರೀನಗರಕ್ಕೆ ಬಂದ ನಮ್ಮ ಕುಟುಂಬ ಇಲ್ಲಿ ಮೂರು ಚಳಿಗಾಲಗಳನ್ನು ಕಳೆದಿದೆ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯನ್ನು ಇಲ್ಲಿಯವರು ಚಿಲ್ಲೈ ಕಲಾನ್ ಎನ್ನುತ್ತಾರೆ. ಆಗ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ನಮ್ಮ ಬಾಡಿಗೆ ಮನೆಯದು ತಗಡಿನ ಚಾವಣಿ, ಒಂಟಿ ಗಾಜಿನ ಕಿಟಕಿಗಳು. ಮೊದಲ ವರ್ಷದ ಜನವರಿಯಲ್ಲಿ ಒಂದು ದಿನ ಬೆಳಗಿನ ಆರು ಗಂಟೆಗೆ ಮಲಗುವ ಕೋಣೆಯೊಳಗಿನ ಮಾಪಕ 3 ಡಿಗ್ರಿ ತೋರಿಸುತ್ತಿತ್ತು. ಎಣ್ಣೆ ತುಂಬಿದ ವಿದ್ಯುತ್ ಹೀಟರ್ ನಮ್ಮಲ್ಲಿತ್ತು. ಆದರೆ ಚಳಿ ಏರಿದಷ್ಟೂ ಕರೆಂಟು ಹೋಗುವುದು ಹೆಚ್ಚು, ಇದ್ದಾಗಲೂ ವೋಲ್ಟೇಜ್ ಸಾಲದು. ಆದ್ದರಿಂದ ಗ್ಯಾಸಿನ ಮೊರೆಹೋಗದೆ ನಮಗೆ ಬೇರೆ ದಾರಿಯಿರಲಿಲ್ಲ.

ಮೊದಲು ಕೊಂಡದ್ದು ಚಕ್ರಗಳ ಮೇಲೆ ನಿಲ್ಲುವ, ಹೊಟ್ಟೆಯೊಳಗೇ ಸಿಲಿಂಡರ್ ಇಟ್ಟುಕೊಳ್ಳುವ, ಮೂರು ಸೆರಾಮಿಕ್ ಫಲಕಗಳ ಹೀಟರ್. ಮೂರೂ ಫಲಕ ಹೊತ್ತಿದರೆ ಸುಮಾರು 4.2 ಕಿಲೋವ್ಯಾಟ್ ಕಾವು, ಗಂಟೆಗೆ ಹತ್ತಿರ ಹತ್ತಿರ 300 ಗ್ರಾಂ ಗ್ಯಾಸ್. ಇದರ ಗುಣವನ್ನು ಮೊದಲು ಹೇಳಿಬಿಡುತ್ತೇನೆ: ಹೊತ್ತಿಸಿದ ಎರಡು ನಿಮಿಷಕ್ಕೆ ಎದುರು ಕುಳಿತವರ ಮೊಣಕಾಲು ಬೆಚ್ಚಗಾಗುತ್ತದೆ, ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಕೋಣೆ ಒಂದು ಗಂಟೆಯೊಳಗೆ 16 ಡಿಗ್ರಿಗೆ ಬರುತ್ತದೆ, ಬೇಕಾದ ಕೋಣೆಗೆ ತಳ್ಳಿಕೊಂಡು ಹೋಗಬಹುದು. ಹುಟ್ಟಿದ ಕಾವೆಲ್ಲ ಕೋಣೆಯಲ್ಲೇ ಉಳಿಯುವುದರಿಂದ, ದಿನಕ್ಕೆ ಐದು ಗಂಟೆ ಏರಿಳಿಸಿ ಉರಿಸಿದಾಗ 14.2 ಕಿಲೋ ಸಿಲಿಂಡರ್ ನಮಗೆ ಹತ್ತು ದಿನ ದಾಟುತ್ತಿತ್ತು.

ಆದರೆ ಕಾವಿನ ಜೊತೆಗೆ ಉರಿಯಿಂದ ಹುಟ್ಟುವ ಉಳಿದದ್ದೆಲ್ಲವೂ ಆ ಕೋಣೆಯಲ್ಲೇ ಉಳಿಯುತ್ತದೆ ಎಂಬುದನ್ನು ನಾನು ಕೊಳ್ಳುವಾಗ ಯೋಚಿಸಲಿಲ್ಲ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ನಮ್ಮ ಲೆಕ್ಕಕ್ಕೆ ಅದು ಪ್ರತಿ ಸಂಜೆ ಮುಚ್ಚಿದ ಕೋಣೆಗೆ ಎರಡು ಲೀಟರ್ ನೀರನ್ನು ಚೆಲ್ಲಿದಂತೆ. ಬೆಳಿಗ್ಗೆ ಎದ್ದರೆ ಕಿಟಕಿಯ ಒಳಮೈಯಲ್ಲಿ ಹಿಮದ ಪದರ, ಮಧ್ಯಾಹ್ನ ಅದು ಕರಗಿ ಚೌಕಟ್ಟಿನಿಂದ ತೊಟ್ಟಿಕ್ಕುವ ನೀರು, ಫೆಬ್ರವರಿಯ ಹೊತ್ತಿಗೆ ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಗೆ ಬರುವ ಮುಗ್ಗಲು ವಾಸನೆಯೇ ಇಲ್ಲಿ ಹಾಸಿಗೆಗೆ ಬಂದಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇಲ್ಲಿಯವರಂತೆ ನಾವೂ ಗಾಳಿ ನುಗ್ಗದಿರಲೆಂದು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದೆವು. ಒಂದು ರಾತ್ರಿ ಮೂರೂ ಫಲಕ ಹಚ್ಚಿ ಕುಳಿತಿದ್ದಾಗ ಮೊದಲು ಮಗಳು ತಲೆನೋವೆಂದಳು, ಸ್ವಲ್ಪ ಹೊತ್ತಿಗೆ ನನ್ನ ಪತ್ನಿಗೆ ವಾಕರಿಕೆ ಬಂತು, ನನಗೋ ಎದ್ದು ನಿಲ್ಲಲೂ ಮನಸ್ಸಾಗದಷ್ಟು ಮಂಕು. ಮೂವರಿಗೂ ಒಮ್ಮೆಲೇ ಹೀಗಾಗಿದೆಯಲ್ಲ ಎಂಬುದು ಹೊಳೆದ ಕೂಡಲೇ ಹೀಟರ್ ಆರಿಸಿ ಬಾಗಿಲು ತೆಗೆದು ಹೊರಗೆ ಹಿಮದಲ್ಲಿ ನಿಂತೆವು. ಅರ್ಧ ಗಂಟೆಯಲ್ಲಿ ಹಗುರವಾಯಿತು. ಮರುದಿನ ವೈದ್ಯರು ಇದು ಕಾರ್ಬನ್ ಮಾನಾಕ್ಸೈಡ್ ಲಕ್ಷಣವೇ ಎಂದರು. ಎಲ್‌ಪಿಜಿ ಸೋರಿದರೆ ಅದಕ್ಕೆ ಬೆರೆಸಿದ ವಾಸನೆಯಿಂದ ತಿಳಿಯುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಯ ಆಮ್ಲಜನಕ ಕಡಿಮೆಯಾದರೆ ತಾನಾಗಿ ಆರುವ ಸಂವೇದಕ ಆ ಹೀಟರಿನಲ್ಲಿತ್ತು, ಆದರೆ ಅದು ಅಳೆಯುವುದು ಆಮ್ಲಜನಕವನ್ನು, ವಿಷಾನಿಲವನ್ನಲ್ಲ. ಫಲಕದಲ್ಲಿ ಧೂಳು ಕಟ್ಟಿ ಉರಿ ಕೆಟ್ಟಿದ್ದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಎರಡನೆಯ ಚಳಿಗಾಲಕ್ಕೆ ಮನೆಯ ಯಜಮಾನರ ಸಲಹೆಯಂತೆ ಗ್ಯಾಸ್ ಬುಖಾರಿ ತಂದೆವು. ಇದು ಇಲ್ಲಿಯವರು ಕೋಣೆ ಬೆಚ್ಚಗಿಡಲು ಉರಿಸುವ ಕಟ್ಟಿಗೆಯ ಒಲೆಯಾದ ಬುಖಾರಿಯ ರೂಪದ್ದೇ: ತಗಡಿನ ದುಂಡು ಒಡಲು, ತಳದಲ್ಲಿ ಬರ್ನರ್, ತಲೆಯಿಂದ ಹೊರಟು ಗೋಡೆಯ ರಂಧ್ರದ ಮೂಲಕ ಹೊರಹೋಗುವ ಹೊಗೆಕೊಳವೆ. ಕೊಳವೆ ಕೂರಿಸುವ ಕೆಲಸ ಸೇರಿ ಖರ್ಚು ಹೆಚ್ಚಾಯಿತು, ಕೋಣೆಯ ಒಂದು ಮೂಲೆ ಶಾಶ್ವತವಾಗಿ ಹೋಯಿತು. ಕಾವಿನ ಒಂದು ಪಾಲು ಕೊಳವೆಯಲ್ಲಿ ಹೊರಟುಹೋಗುವುದರಿಂದ ಅದೇ ಕೋಣೆ ಅದೇ 16 ಡಿಗ್ರಿಗೆ ಬರಲು ಒಂದೂವರೆ ಗಂಟೆ ಬೇಕಾಯಿತು, ಸಿಲಿಂಡರ್ ಎಂಟೇ ದಿನಕ್ಕೆ ಮುಗಿಯಿತು. ಕೊಳವೆಯನ್ನು ಕೋಣೆಯೊಳಗೆ ಆರಡಿ ಹೆಚ್ಚು ಓಡಿಸಿ, ಎಲ್ಲಿಯೂ ಇಳಿಜಾರಾಗದಂತೆ ಏರುಮುಖವಾಗಿ ಕಟ್ಟಿಸಿದ ಮೇಲೆ ಕೊಳವೆಯ ಮೈಯಿಂದಲೇ ಸಾಕಷ್ಟು ಕಾವು ಸಿಕ್ಕಿ ಸ್ವಲ್ಪ ಸುಧಾರಿಸಿತು. ಆ ವರ್ಷ ಕಿಟಕಿ ಒಣಗಿತ್ತು, ಗೋಡೆ ಒಣಗಿತ್ತು, ತಲೆನೋವು ಒಮ್ಮೆಯೂ ಬರಲಿಲ್ಲ.

ಬುಖಾರಿಗೂ ತನ್ನದೇ ತೊಡಕುಗಳಿವೆ. ಕೊಳವೆಯ ಹೊರಬಾಯಿಗೆ ಟೋಪಿ ಇರಬೇಕು, ಹಿಮ ಬಿದ್ದ ಮರುದಿನ ಅದು ಮುಚ್ಚಿಲ್ಲವೆಂದು ನೋಡಬೇಕು, ಜೋಡಣೆಗಳು ಸಡಿಲವಾದರೆ ಹೊಗೆ ಒಳಗೇ ಉಳಿಯುತ್ತದೆ. ಅದು ಉರಿಯಲು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಕಿಟಕಿಯ ಪ್ಲಾಸ್ಟಿಕ್ಕನ್ನು ಒಂದು ಕಡೆ ಬಿಚ್ಚಿಡಲೇಬೇಕು.

ಸಿಲಿಂಡರನ್ನು ಹೊರಗಿಡುವುದು ಕ್ಷೇಮವೆಂದು ನಾನು ಅದನ್ನು ವರಾಂಡದಲ್ಲಿಟ್ಟು ನೋಡಿದೆ. ಬೆಳಗಿನ ಜಾವದಲ್ಲಿ ಉರಿ ಸಣ್ಣಗಾಗಿ ಆರಿಹೋಗುತ್ತಿತ್ತು. ನಮ್ಮ ಅಡುಗೆ ಗ್ಯಾಸು ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದೆ, ಬ್ಯುಟೇನ್ ಮಾತ್ರ ಸೊನ್ನೆಯ ಹತ್ತಿರಕ್ಕೆ ಬಂದರೆ ದ್ರವವಾಗಿಯೇ ಕುಳಿತುಬಿಡುತ್ತದೆ. ಹಾಗಾಗಿ ಅರ್ಧ ತುಂಬಿದ ಸಿಲಿಂಡರಿನಲ್ಲೂ ಸಾಕಷ್ಟು ಒತ್ತಡವಿರುವುದಿಲ್ಲ. ಕೊನೆಗೆ ಅದನ್ನು ಒಳಹಜಾರದಲ್ಲಿ, ಬುಖಾರಿಯಿಂದ ದೂರದಲ್ಲಿ ನಿಲ್ಲಿಸಿದೆವು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೆಲದಲ್ಲೇ ಹರಡುತ್ತದೆ. ಅದಕ್ಕೆಂದೇ ಹಜಾರದ ಬಾಗಿಲಿನ ಕೆಳಸಂದಿಯನ್ನು ಮುಚ್ಚಿಲ್ಲ, ರಬ್ಬರ್ ಪೈಪಿನ ಜೋಡಣೆಗೆ ವಾರಕ್ಕೊಮ್ಮೆ ಸೋಪಿನ ನೊರೆ ಹಚ್ಚಿ ನೋಡುತ್ತೇವೆ.

ಹೋದ ಚಳಿಗಾಲದಲ್ಲಿ ಎರಡನ್ನೂ ಇಟ್ಟುಕೊಂಡಿದ್ದೆವು. ಮಕ್ಕಳು, ವಯಸ್ಸಾದವರು ಇರುವ ಮನೆಗೆ, ಅದರಲ್ಲೂ ಮಲಗುವ ಕೋಣೆಗೆ, ಎರಡು ದಿನದ ಗ್ಯಾಸ್ ನಷ್ಟವಾದರೂ ಸರಿ, ಹೊಗೆಕೊಳವೆಯದೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆ ಮನೆಯ ಗೋಡೆ ಕೊರೆಯಲು ಒಪ್ಪಿಗೆ ಸಿಗದವರು ತೆರೆದ ಹೀಟರನ್ನೇ ಕೊಳ್ಳಬೇಕಾದರೆ ಅದನ್ನು ಊಟದ ಹೊತ್ತಿಗಷ್ಟೇ ನಡುಮನೆಯಲ್ಲಿ, ಕಿಟಕಿಯನ್ನು ಎರಡು ಬೆರಳಗಲ ತೆರೆದು ಉರಿಸಲಿ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ತಪ್ಪದೆ ಕೊಳ್ಳಲಿ. ನಮ್ಮ ಮನೆಯಲ್ಲಿ ಈಗ ಅದು ತಲೆದಿಂಬಿನ ಪಕ್ಕದ ಮೇಜಿನ ಮೇಲಿದೆ. ರಾತ್ರಿ ಹತ್ತಕ್ಕೆ ಬುಖಾರಿಯನ್ನೂ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬೆಳಗಿನವರೆಗೆ ಎರಡೆರಡು ರಜಾಯಿ ಹೊದ್ದು ಮಲಗುತ್ತೇವೆ.