ಒಂದೇ ತಗಡು, ಮೂರು ಬೆಸುಗೆ

ಮನೆಯ ಗೇಟಿನ ಕೆಳಗಿನ ತಗಡನ್ನು ಉಪ್ಪುಗಾಳಿ ತಿಂದುಹಾಕಿತ್ತು. ನಾನೇ ಬೆಸೆಯಬೇಕೆಂಬ ಹಟ ಹಿಡಿದು ಮಲ್ಪೆ ಬಂದರಿನ ಬಳಿಯ ಶೆಡ್ಡೊಂದರಲ್ಲಿ ನಾಲ್ಕು ಭಾನುವಾರ ಕಳೆದೆ. ಒಂದೂವರೆ ಮಿಲಿಮೀಟರ್ ದಪ್ಪದ ತುಂಡುಗಳ ಮೇಲೆ ಮೂರು ಬಗೆಯನ್ನೂ ಪ್ರಯತ್ನಿಸಿದೆ: ವಿದ್ಯುತ್ತಿನ ಕಿಡಿಯಿಂದ ಬೆಸೆಯುವ ಆರ್ಕ್, ಗ್ಯಾಸಿನ ಉರಿಯಲ್ಲಿ ಕಬ್ಬಿಣದ ಸರಳು ಕರಗಿಸುವುದು, ಅದೇ ಉರಿಯಲ್ಲಿ ಹಿತ್ತಾಳೆಯ ಸರಳು.

ಆರ್ಕ್ ಬೇಗ ಮುಗಿಯುತ್ತದೆ, L ಆಕಾರದ ದಪ್ಪ ಕಬ್ಬಿಣದ ಪಟ್ಟಿಗೆ, ಅಂದರೆ ಆಂಗಲ್‌ಗೆ, ಅದೇ ಸರಿ. ನನ್ನ ತೆಳು ತಗಡಿಗೆ ಮಾತ್ರ ತೂತು ಬಿತ್ತು. ಆರ್ಕ್ ಮುಖವಾಡದ ಆ ಕಡುಗಪ್ಪು ಗಾಜಿನ ಹಿಂದೆ ಹೊಸಬನಿಗೆ ಏನು ತಿಳಿಯಬೇಕು?

ಗ್ಯಾಸಿನ ಹಸಿರು ಕನ್ನಡಕದಲ್ಲಿ ಕರಗುವ ಲೋಹ ಕಣ್ಣಿಗೆ ಕಾಣುತ್ತದೆ. ಶುರುವಿಗೇ ಮೇಸ್ತ್ರಿ ನನ್ನ ಕೈ ತೊಳೆಸಿದರು: ತಲೆಗೆ ಹಚ್ಚಿದ ತೆಂಗಿನೆಣ್ಣೆ ಬೆರಳಲ್ಲಿದ್ದರೆ ಆಕ್ಸಿಜನ್ ಸಿಲಿಂಡರಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಮುಟ್ಟುವಂತಿಲ್ಲ, ಎಣ್ಣೆಗೆ ಬೆಂಕಿ ಹತ್ತಬಹುದು. ಮೊದಲು ಉರಿಯುವ ಗ್ಯಾಸಾದ ಅಸಿಟಿಲಿನ್ ಹೊತ್ತಿಸಿದಾಗ ಹಳದಿ ಉರಿ, ಮಸಿಯ ಎಳೆಗಳು. ಆಕ್ಸಿಜನ್ ಬಿಡುತ್ತ ಹೋದಂತೆ ಒಳಗಿನ ಬಿಳಿ ಗರಿ ಕುಗ್ಗಿ, ತುದಿ ದುಂಡಾದ ಪುಟ್ಟ ಮೊಗ್ಗು ಉಳಿಯುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ನನ್ನ ಕೈ ನಿಲ್ಲಲಿಲ್ಲ. ಉರಿ ಬುಸುಗುಟ್ಟಿತು, ಕಿಡಿ ಹಾರಿತು, ಬೆಸುಗೆಯ ತುಂಬ ಗುಳ್ಳೆ.

“ಆಕ್ಸಿಜನ್ ಜಾಸ್ತಿಯಾಯಿತು ಮಾರಾಯರೇ, ಕಬ್ಬಿಣವೇ ಉರಿಯುತ್ತಿದೆ,” ಎಂದರು ಮೇಸ್ತ್ರಿ.

ಸುಮಾರು 3,100 ಡಿಗ್ರಿಯ ಆ ಉರಿಯ ಕೆಳಗೆ ಕಡಲೆಕಾಳಿನಷ್ಟು ಕಬ್ಬಿಣ ಕರಗಿ ಹೊಳೆಯುತ್ತದೆ. ಸರಳಿನ ತುದಿಯನ್ನು ಅದರೊಳಗೇ ಅದ್ದಬೇಕು, ಮೇಲಿನಿಂದ ಹನಿಸಿದರೆ ಅಂಟುವುದಿಲ್ಲ. ಬಲದಿಂದ ಎಡಕ್ಕೆ ಸಾಗುತ್ತ ಈ ಲಯ ಕೈಗೆ ಹತ್ತಲು ಎರಡು ಭಾನುವಾರ ಹೋದವು. ಅಲ್ಲಲ್ಲಿ ಮೊದಲೇ ಚುಕ್ಕಿ ಬೆಸುಗೆ ಹಾಕದ ತುಂಡು ಹಪ್ಪಳದಂತೆ ಸೊಟ್ಟಗಾಯಿತು.

ಹಿತ್ತಾಳೆ ಮೊದಲ ದಿನವೇ ಒಲಿಯಿತು. ಕಬ್ಬಿಣ ಕರಗಬೇಕಿಲ್ಲ, ಕೆಂಪಗೆ ಕಾದರೆ ಸಾಕು. ಬಿಸಿ ಸರಳನ್ನು ಬಿಳಿಗಾರದ ಪುಡಿಯಲ್ಲಿ ಅದ್ದಿ ತಾಗಿಸಿದರೆ ಸುಮಾರು 900 ಡಿಗ್ರಿಯಲ್ಲಿ ಕಾವಲಿಯ ಮೇಲಿನ ತುಪ್ಪದಂತೆ ಸಂದಿಗೆ ಹರಿಯುತ್ತದೆ. ಕಾವು ಮೀರಿದರೆ ಸತುವಿನ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಚಳಿಜ್ವರ ಬರುತ್ತದೆ. ಹಾಗಾಗಿ ಬಾಗಿಲು ತೆರೆದಿಟ್ಟೇ ಕೆಲಸ. ನೋಡಲು ಚೆಂದವೂ ಹೌದು, ಆದರೆ ಕಡಲ ಪಕ್ಕದ ಗೇಟಿಗೆ ನಾನು ಹಾಕಲಾರೆ: ಉಪ್ಪುನೀರು ತಾಗಿದರೆ ಹಿತ್ತಾಳೆ ಉಳಿದು, ಅದರ ಪಕ್ಕದ ಕಬ್ಬಿಣಕ್ಕೇ ತುಕ್ಕು ಬೇಗ ಹಿಡಿಯುತ್ತದೆ.

ಗೇಟಿಗೆ ಕೊನೆಗೆ ಗ್ಯಾಸು, ಕಬ್ಬಿಣದ ಸರಳು. ಚಿಲಕದ ಹತ್ತಿರದ ಎರಡು ಅಂಗುಲ ಮಾತ್ರ ನೇರವಾಗಿದೆ. ಅದು ಮೇಸ್ತ್ರಿಯವರ ಕೈಯದು.